ಗುರಿಯಾಟದ ತೋಟೆಗೆ ಮದ್ದಿನ ಆಯ್ಕೆ

ಹಾರುವ ತಟ್ಟೆಗೆ ಗುರಿಯಿಡುವ ಆಟಕ್ಕಾಗಿ 12 ಬೋರಿನ ತೋಟೆಗಳನ್ನು ತಾವೇ ಮರುಭರ್ತಿ ಮಾಡಿಕೊಳ್ಳಲು ಹೊರಡುವವರು ಮೊದಲು ಕೇಳುವುದು ಯಾವ ಮದ್ದು ಒಳ್ಳೆಯದು ಎಂದು. ಒಂದು ಹೆಸರು ಹೇಳಿ ಮುಗಿಸಿಬಿಡುವುದು ಸುಲಭ, ಆದರೆ ಅದರಿಂದ ಕೇಳಿದವರಿಗೆ ಉಪಕಾರವಾಗುವುದಿಲ್ಲ. ಮದ್ದು ಒಂಟಿಯಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಎಷ್ಟು ತೂಕದ ಚರೆ (ಹಾರಿಹೋಗುವ ಸಣ್ಣ ಗುಂಡುಗಳು), ಯಾವ ಖಾಲಿ ತೋಟೆ, ಯಾವ ಕೇಪು (ಮದ್ದಿಗೆ ಕಿಡಿ ಕೊಡುವ ಬುಡದ ತುಣುಕು), ಯಾವ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಪ್ಲಾಸ್ಟಿಕ್ ಬಿರಡೆ) ಎಂಬ ನಾಲ್ಕು ಸಂಗತಿಗಳು ತೀರ್ಮಾನವಾದ ಮೇಲೆ ಅವಕ್ಕೆ ಹೊಂದುವ ಮದ್ದುಗಳ ಪಟ್ಟಿ ತಾನಾಗಿಯೇ ಕಿರಿದಾಗುತ್ತದೆ. ಆಯ್ಕೆ ನಡೆಯಬೇಕಾದದ್ದು ಆ ಕಿರಿದಾದ ಪಟ್ಟಿಯೊಳಗೆ.

ಇದನ್ನು ಈಗ ಬರೆಯಲು ಕಾರಣ ಪೆನ್ಸಿಲ್ವೇನಿಯದಲ್ಲಿರುವ ನನ್ನ ಅಕ್ಕನ ಮಗ. ನಾನು ಅಲ್ಲಿ ಉದ್ಯೋಗದಲ್ಲಿದ್ದ ವರ್ಷಗಳಲ್ಲಿ ಟ್ರ್ಯಾಪ್ ಶೂಟಿಂಗ್ ಎಂಬ ಈ ಆಟವನ್ನು ಕಲಿತೆ, ತೋಟೆ ತುಂಬುವುದನ್ನೂ ಕಲಿತೆ. ಈಗ ನಾನು ಶಿರಸಿಯ ತೋಟಕ್ಕೆ ಮರಳಿದ್ದೇನೆ. ಅವನು ಅಲ್ಲಿ ಅದೇ ಆಟವನ್ನು ಹಿಡಿದಿದ್ದಾನೆ, ಮಾವನಿಗೆ ಗೊತ್ತಿರಬಹುದೆಂದು ಫೋನಿನಲ್ಲಿ ಕೇಳುತ್ತಾನೆ. ಅವನಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಸರಿಯಾಗಿ ಕೊಡಬೇಕೆನಿಸಿತು. ಜೊತೆಗೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡ ಕೆಲವರು, ಹಾರಿಸಿದ ಪ್ಲಾಸ್ಟಿಕ್ ತೋಟೆಯನ್ನು ಎಸೆಯುವ ಬದಲು ಮತ್ತೆ ತುಂಬಬಾರದೇಕೆ ಎಂದು ಕೇಳುವುದುಂಟು. ಅವರಿಗೆ ಉತ್ತರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸುವುದಕ್ಕೆ ಬೇರೆಯದೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಆ ಹಕ್ಕನ್ನು ಕೊಡುವುದಿಲ್ಲ. ನಾನು ಇಲ್ಲಿ ಒಂದು ತೋಟೆಯನ್ನೂ ತುಂಬುವುದಿಲ್ಲ. ಪರವಾನಗಿ ಇರುವ ಅಂಗಡಿಯಿಂದ, ಪುಣೆಯ ಖಡ್ಕಿ ಕಾರ್ಖಾನೆಯಲ್ಲಿ ತಯಾರಾದ ತೋಟೆಗಳನ್ನು ಪುಸ್ತಕದಲ್ಲಿ ನಮೂದಿಸಿ ಕೊಳ್ಳುತ್ತೇನೆ. ಮುಂದೆ ಬರೆಯುವುದೆಲ್ಲ ಮರುಭರ್ತಿ ಕಾನೂನುಬದ್ಧವಾಗಿರುವ ನೆಲದ ಮಾತು. ಆದರೆ ಮದ್ದು ಹೇಗೆ ಉರಿಯುತ್ತದೆಂಬ ತಿಳಿವಳಿಕೆ ಕೋವಿ ಮುಟ್ಟುವ ಪ್ರತಿಯೊಬ್ಬರಿಗೂ ಬೇಕಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಗುರಿಯನ್ನು ನೋಡೋಣ. ಅಮೆರಿಕದ ಟ್ರ್ಯಾಪ್ ಆಟದಲ್ಲಿ ಹಾರಿಬರುವ ತಟ್ಟೆಯ ಅಡ್ಡಳತೆ ಸುಮಾರು 108 ಮಿಲಿಮೀಟರ್. ಮಣ್ಣಿನ ತಟ್ಟೆ ಎಂದು ಕರೆದರೂ ಅದು ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿಯಿಂದ ಅಚ್ಚು ಹಾಕಿದ ವಸ್ತು. ಅದನ್ನು ಒಡೆಯಲು ಕೆಲವೇ ಚರೆಗಳು ತಗುಲಿದರೆ ಸಾಕು. ಅಮೆರಿಕದ ಅಳತೆಯ 8ನೆಯ ನಂಬರಿನ ಚರೆ ಒಂದು ಔನ್ಸಿಗೆ, ಎಂದರೆ 28 ಗ್ರಾಮಿಗೆ, ಸುಮಾರು 410 ಬರುತ್ತದೆ. ಏಳೂವರೆ ನಂಬರಿನದು ಸುಮಾರು 350. ಒಂದು ಸುತ್ತಿಗೆ 25 ತಟ್ಟೆ, ದಿನವೊಂದಕ್ಕೆ ನಾಲ್ಕು ಸುತ್ತು ಆಡಿದರೆ 100 ತೋಟೆ. ಇಷ್ಟನ್ನು ಅರಿತವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಆಟಕ್ಕೆ ಬೇಕಾದದ್ದು ಬಿರುಸಿನ ತೋಟೆಯಲ್ಲ, ಪ್ರತಿಸಲ ಒಂದೇ ರೀತಿ ವರ್ತಿಸುವ ಮೃದುವಾದ ತೋಟೆ. ಬೇಟೆಗೂ ಗುರಿಯಾಟಕ್ಕೂ ಇರುವ ಈ ವ್ಯತ್ಯಾಸವೇ ಮದ್ದಿನ ಆಯ್ಕೆಯ ಬುನಾದಿ.

ಚರೆಯ ತೂಕದಲ್ಲಿ ಗುರಿಯಾಟದವರಿಗೆ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ. ಒಲಿಂಪಿಕ್ ಮಾದರಿಯ ಸ್ಪರ್ಧೆಗಳಲ್ಲಿ ಸುಮಾರು 24 ಗ್ರಾಮ್ ಚರೆಯೇ ಗರಿಷ್ಠ ಮಿತಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದಾಗ ನಮ್ಮ ಊರಿನಲ್ಲಿಯೂ ಅನೇಕರು ಈ ಆಟದ ಹೆಸರನ್ನು ಮೊದಲ ಸಲ ಕೇಳಿದರು. ಅಮೆರಿಕದ ಕ್ಲಬ್ಬುಗಳಲ್ಲಿ 28 ಗ್ರಾಮ್, ಮತ್ತು ಒಂದೂ ಎಂಟನೆಯ ಒಂದು ಔನ್ಸಿನ, ಎಂದರೆ 32 ಗ್ರಾಮಿನ ತೋಟೆಗಳು ಬಳಕೆಯಲ್ಲಿವೆ. ಹೊಸಬರಿಗೆ ನಾನು 28 ಗ್ರಾಮನ್ನೇ ಹೇಳುತ್ತೇನೆ. 32ರಿಂದ 28ಕ್ಕೆ ಇಳಿದರೆ ಚರೆಯ ತೂಕ ಎಂಟರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಭುಜದ ಮೇಲಿನ ಒದೆತವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ, ಮತ್ತು ತಟ್ಟೆ ಹಾರಿಸುವ ಜಾಗದಿಂದ ಹದಿನಾರು ಗಜದ ಅಂತರದಲ್ಲಿ ನಿಂತು ಹೊಡೆಯುವವರು ತಟ್ಟೆ ತಪ್ಪಿಸುವುದಕ್ಕೆ ಆ ನಾಲ್ಕು ಗ್ರಾಮ್ ಕಾರಣವಾಗುವುದು ತೀರ ಅಪರೂಪ.

ಇನ್ನು ಉರಿಯುವ ವೇಗ. ಹೊಗೆಯಿಲ್ಲದ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್. ಅದೊಂದೇ ಇದ್ದರೆ ಏಕಮೂಲ ಮದ್ದು, ಅದಕ್ಕೆ ನೈಟ್ರೋಗ್ಲಿಸರಿನ್ ಬೆರೆಸಿದರೆ ದ್ವಿಮೂಲ ಮದ್ದು. ಒಂದೊಂದು ಮದ್ದೂ ಎಷ್ಟು ಬೇಗ ಉರಿದು ಅನಿಲವಾಗುತ್ತದೆ ಎಂಬುದನ್ನು ಅದರ ಕಣದ ಆಕಾರ, ತೆಳುವು ಮತ್ತು ಮೇಲೆ ಸವರಿದ ನಿಧಾನಕಾರಿ ಲೇಪ ನಿರ್ಧರಿಸುತ್ತವೆ. ಬಚ್ಚಲ ಒಲೆಗೆ ಒಣಗಿದ ಅಡಿಕೆ ಸೋಗೆ ಹಾಕಿದರೆ ಭಗ್ಗನೆ ಉರಿದು ಮುಗಿಯುತ್ತದೆ, ಅದೇ ಒಲೆಗೆ ಮರದ ಕುಂಟೆ ಇಟ್ಟರೆ ನಿಧಾನವಾಗಿ ಹೊತ್ತಿ ಬಹಳ ಹೊತ್ತು ಕಾವು ಕೊಡುತ್ತದೆ. ತೆಳ್ಳಗಿನ ಚಕ್ಕೆಯ ಮದ್ದಿಗೂ ದಪ್ಪ ಕಣದ, ಲೇಪವುಳ್ಳ ಮದ್ದಿಗೂ ಇರುವ ಅಂತರ ಅಂಥದ್ದು. ವ್ಯತ್ಯಾಸವೆಂದರೆ ಇಲ್ಲಿ ಇಡೀ ಕತೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.

ಹಗುರವಾದ ಚರೆಯ ಹೊರೆ ಬೇಗ ಮುಂದಕ್ಕೆ ಸರಿಯುತ್ತದೆ, ಆದ್ದರಿಂದ ಅದರ ಹಿಂದೆ ಬೇಗ ಉರಿಯುವ ಮದ್ದು ಬೇಕು. ಭಾರವಾದ ಹೊರೆ ನಿಧಾನವಾಗಿ ಸರಿಯುತ್ತದೆ, ಅದಕ್ಕೆ ನಿಧಾನದ ಮದ್ದು ಬೇಕು. ಇವು ಅದಲುಬದಲಾದರೆ ಎರಡು ಬಗೆಯ ಕೇಡು. ಭಾರದ ಹೊರೆಯ ಹಿಂದೆ ಬೇಗದ ಮದ್ದನ್ನು ಇಟ್ಟರೆ ಚರೆ ಅಲುಗುವ ಮೊದಲೇ ಅನಿಲವೆಲ್ಲ ಹುಟ್ಟಿ, ಒತ್ತಡ ಮಿತಿ ಮೀರಿ ಏರುತ್ತದೆ. ಅಮೆರಿಕದಲ್ಲಿ 12 ಬೋರಿನ 70 ಮಿಲಿಮೀಟರ್ ತೋಟೆಗೆ ಗೊತ್ತುಪಡಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡ್. ಯುರೋಪಿನ ಲೆಕ್ಕದಲ್ಲಿ ಸಾಮಾನ್ಯ ತೋಟೆಗೆ 740 ಬಾರ್. ರೈಫಲಿನ ನಳಿಗೆ ತಡೆಯುವ ಒತ್ತಡಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ, ಏಕೆಂದರೆ ಚರೆಕೋವಿಯ ನಳಿಗೆಯ ಗೋಡೆ ತೆಳು. ಈ ಮಿತಿಯ ಆಚೆ ಏನಾಗುತ್ತದೆಂಬುದನ್ನು ಪರೀಕ್ಷಿಸುವ ಕೆಲಸ ಪ್ರಯೋಗಾಲಯದ್ದು, ನಮ್ಮದಲ್ಲ.

ಎರಡನೆಯ ಕೇಡನ್ನು ಜನರು ಅಷ್ಟಾಗಿ ಲೆಕ್ಕಿಸುವುದಿಲ್ಲ, ಆದ್ದರಿಂದ ಅದನ್ನು ಕೊಂಚ ವಿವರವಾಗಿ ಹೇಳಬೇಕು. ಮದ್ದು ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ಅನೇಕರು ನಂಬಿದ್ದಾರೆ. ಚರೆಕೋವಿಯಲ್ಲಿ ಇದು ನಿಜವಲ್ಲ. ಹೊಗೆಯಿಲ್ಲದ ಮದ್ದು ಸರಿಯಾಗಿ ಉರಿಯಲು ತಕ್ಕಮಟ್ಟಿನ ಒತ್ತಡ ಬೇಕು. ಒತ್ತಡ ಏರಿದಂತೆ ಉರಿ ಚುರುಕಾಗುತ್ತದೆ, ಉರಿ ಚುರುಕಾದಂತೆ ಒತ್ತಡ ಏರುತ್ತದೆ. ಹಗುರ ಹೊರೆಯ ಹಿಂದೆ ನಿಧಾನದ ಮದ್ದನ್ನು ಇಟ್ಟರೆ, ಅಥವಾ ಸರಿಯಾದ ಮದ್ದನ್ನೇ ಹೇಳಿದ್ದಕ್ಕಿಂತ ಕಡಿಮೆ ಹಾಕಿದರೆ, ಈ ಸರಪಳಿ ಅರ್ಧಕ್ಕೇ ಕಡಿಯುತ್ತದೆ. ಆಗ ಢಂ ಎನ್ನುವ ಬದಲು ಮಂಕಾದ ಸದ್ದು ಬರುತ್ತದೆ, ಅರೆಬೆಂದ ಮದ್ದಿನ ಕಣಗಳು ನಳಿಗೆಯಲ್ಲಿ ಚೆಲ್ಲಾಡುತ್ತವೆ, ಚರೆ ಹೇಗೋ ಹೊರಬಿದ್ದರೂ ಪ್ಲಾಸ್ಟಿಕ್ ವ್ಯಾಡ್ ನಳಿಗೆಯ ನಡುವೆ ಸಿಕ್ಕಿಬೀಳಬಹುದು. ಅದನ್ನು ಗಮನಿಸದೆ ಮುಂದಿನ ತೋಟೆ ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಬೇರೆಯಾಗಿ ಕೇಳಿದ ಕೂಡಲೇ ಆಟ ನಿಲ್ಲಿಸಿ, ಕೋವಿಯನ್ನು ಖಾಲಿ ಮಾಡಿ, ಬಾಗಿಸಿ ತೆರೆದು, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡಲೇಬೇಕು. ಕ್ಲಬ್ಬಿನ ಹಿರಿಯರು ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು.

ಅಂಗಡಿಯಲ್ಲಿ ಸಿಗುವ ಹೆಸರುಗಳನ್ನು ಈ ಬೆಳಕಿನಲ್ಲಿ ನೋಡಿದರೆ ಅವು ಗೊಂದಲ ಹುಟ್ಟಿಸುವುದಿಲ್ಲ. ನೈಟ್ರೋ 100, ಟೈಟ್‌ವಾಡ್, ರೆಡ್ ಡಾಟ್, ಕ್ಲೇಸ್, 700-ಎಕ್ಸ್ ಮುಂತಾದವು ಬೇಗದ ಗುಂಪಿನವು. 28 ಮತ್ತು 32 ಗ್ರಾಮಿನ ಸಾಮಾನ್ಯ ಗುರಿಯಾಟದ ತೋಟೆಗಳು ಹೆಚ್ಚಾಗಿ ಈ ಗುಂಪಿನ ಮದ್ದಿನವೇ. ಗ್ರೀನ್ ಡಾಟ್, ಇಂಟರ್‌ನ್ಯಾಷನಲ್, ಯೂನಿವರ್ಸಲ್, ಯೂನೀಕ್ ನಡುವಿನ ಗುಂಪಿನವು. 32 ಗ್ರಾಮನ್ನು ಕೊಂಚ ಹೆಚ್ಚು ವೇಗದಲ್ಲಿ ಕಳಿಸಬೇಕಾದಾಗ, ಅಥವಾ 20 ಬೋರಿನ ಹಗುರ ತೋಟೆಗಳಿಗೆ ಇವು ಹೊಂದುತ್ತವೆ. ಬ್ಲೂ ಡಾಟ್‌ನಂಥವು ಭಾರೀ ಬೇಟೆ ತೋಟೆಗಳಿಗಾಗಿ ಇರುವ ನಿಧಾನದ ಮದ್ದು. ಗುರಿಯಾಟದವರ ಮೇಜಿನ ಮೇಲೆ ಅವಕ್ಕೆ ಕೆಲಸವಿಲ್ಲ. ಮದ್ದುಗಳನ್ನು ವೇಗದ ಅನುಕ್ರಮದಲ್ಲಿ ಜೋಡಿಸಿದ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅವು ಯಾವುದು ಮುಂದೆ, ಯಾವುದು ಹಿಂದೆ ಎಂದಷ್ಟೇ ಹೇಳುತ್ತವೆ, ನಡುವಿನ ಅಂತರ ಎಷ್ಟೆಂದು ಹೇಳುವುದಿಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಮದ್ದುಗಳ ಪೈಕಿ ಒಂದರ ತೂಕವನ್ನು ಇನ್ನೊಂದಕ್ಕೆ ಅನ್ವಯಿಸಿಕೊಳ್ಳುವುದು ಅಪಾಯದ ಕೆಲಸ, ಅದನ್ನು ಯಾರೂ ಮಾಡಬಾರದು.

ಮದ್ದು ತಯಾರಿಸುವವರು ಪ್ರಕಟಿಸುವ ಕೋಷ್ಟಕಗಳನ್ನು ನಾನು ಪಾಕವಿಧಿ ಎಂದೇ ಕರೆಯುತ್ತೇನೆ. ಒಂದು ಸಾಲಿನಲ್ಲಿ ಇಂಥ ಕಂಪನಿಯ ಇಂಥ ಖಾಲಿ ತೋಟೆ, ಇಂಥ ಕೇಪು, ಇಂಥ ವ್ಯಾಡ್, ಇಷ್ಟು ಚರೆ, ಇಷ್ಟು ಗ್ರೇನ್ (ಮದ್ದು ತೂಗುವ ಚಿಕ್ಕ ಮಾನ) ಮದ್ದು ಎಂದಿರುತ್ತದೆ. ಅದರ ಮುಂದೆ ಅಳೆದು ಕಂಡ ಒತ್ತಡ ಮತ್ತು ವೇಗ. ಆ ಸಾಲಿನ ಒಂದು ಅಂಶವನ್ನೂ ನಮ್ಮ ಅನುಕೂಲಕ್ಕೆ ಬದಲಿಸುವಂತಿಲ್ಲ. ಕೇಪು ಎಂದರೆ ಎಲ್ಲವೂ 209 ಎಂಬ ಒಂದೇ ಅಳತೆಯವು, ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಆದರೆ ಅವುಗಳ ಕಿಡಿಯ ಬಿಸಿ ಒಂದೇ ಅಲ್ಲ. ಫೆಡರಲ್ 209ಎ ಬಿರುಸಿನದೆಂದು ಹೆಸರಾದದ್ದು. ಮೃದುವಾದ ಕೇಪಿನ ಜಾಗದಲ್ಲಿ ಅದನ್ನು ಇಟ್ಟರೆ, ಬೇರೇನನ್ನೂ ಬದಲಿಸದಿದ್ದರೂ, ಒತ್ತಡ ಚದರ ಇಂಚಿಗೆ ಸಾವಿರ ಪೌಂಡಿನಷ್ಟು ಅಥವಾ ಅದಕ್ಕೂ ಹೆಚ್ಚು ಏರಬಹುದು. ಮೊದಲೇ ಮಿತಿಯ ಹತ್ತಿರವಿದ್ದ ಪಾಕಕ್ಕೆ ಅಷ್ಟು ಸಾಕು.

ಖಾಲಿ ತೋಟೆಗಳಲ್ಲಿಯೂ ಇದೇ ಎಚ್ಚರಿಕೆ ಬೇಕು. ಹೊರಗಿನಿಂದ ಎಲ್ಲವೂ ಹಿತ್ತಾಳೆ ಬಣ್ಣದ ಬುಡದ ಪ್ಲಾಸ್ಟಿಕ್ ಕೊಳವೆಗಳೇ. ಒಳಗೆ ಇಣುಕಿದರೆ ಕೆಲವದರ ಗೋಡೆ ಬುಡದ ಕಡೆಗೆ ದಪ್ಪವಾಗುತ್ತ ಇಳಿಜಾರಾಗಿದೆ, ಕೆಲವದರ ಗೋಡೆ ನೇರವಾಗಿದ್ದು ಬುಡದಲ್ಲಿ ಪ್ರತ್ಯೇಕ ಬಿಲ್ಲೆಯೊಂದಿದೆ. ವಿಂಚೆಸ್ಟರ್ ಎಎ ಮತ್ತು ರೆಮಿಂಗ್ಟನ್ ಎಸ್‌ಟಿಎಸ್ ಮೊದಲ ಬಗೆಯವು. ಚೆಡೈಟ್ ಮತ್ತು ಫಿಯೋಕಿ ಎರಡನೆಯ ಬಗೆಯವು. ಒಳಗಿನ ಜಾಗ ಬೇರೆಯಾದರೆ ಒತ್ತಡವೂ ಬೇರೆ, ಹೊಂದುವ ವ್ಯಾಡ್ ಕೂಡ ಬೇರೆ. ಆದ್ದರಿಂದ ನನ್ನ ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟು. ಕ್ಲಬ್ಬಿನಲ್ಲಿ ನಿನಗೆ ಯಾವ ಖಾಲಿ ತೋಟೆ ಯಥೇಚ್ಛವಾಗಿ ಸಿಗುತ್ತದೋ ಅದನ್ನು ಒಂದೇ ಬಗೆಯಾಗಿ ಆರಿಸಿ ಕೂಡಿಹಾಕು. ನಿನ್ನ ಊರಿನ ಅಂಗಡಿಯಲ್ಲಿ ಯಾವ ಕೇಪು ವರ್ಷವಿಡೀ ಇರುತ್ತದೋ ವಿಚಾರಿಸು. ಈ ಎರಡನ್ನು ಹಿಡಿದು ಕೋಷ್ಟಕ ತೆರೆದರೆ ಮದ್ದಿನ ಹೆಸರು ಮೂರೋ ನಾಲ್ಕೋ ಉಳಿಯುತ್ತವೆ.

ಉಳಿದ ಆ ಹೆಸರುಗಳ ನಡುವೆ ಆರಿಸುವಾಗ ನಾನು ಹೆಚ್ಚು ಬೆಲೆ ಕೊಡುವುದು ಮದ್ದಿನ ಗಾತ್ರಕ್ಕೆ. ಒಂದೇ ತೂಕದ ಎರಡು ಮದ್ದುಗಳು ಒಂದೇ ಜಾಗ ತುಂಬುವುದಿಲ್ಲ. ಚಕ್ಕೆಯ ಮದ್ದು ಉಬ್ಬಿ ಕೂರುತ್ತದೆ, ಉರುಟು ಕಣದ ಮದ್ದು ಅಡಕವಾಗಿ ಕೂರುತ್ತದೆ. ಮದ್ದು, ವ್ಯಾಡ್, ಚರೆ ಮೂರೂ ಸೇರಿ ತೋಟೆಯನ್ನು ಸರಿಯಾಗಿ ತುಂಬಿದರೆ ಮಾತ್ರ ಅದರ ಬಾಯಿಯನ್ನು ಮಡಚಿ ಮುಚ್ಚುವ ಮಡಿಕೆ ಚಪ್ಪಟೆಯಾಗಿ, ಬಿಗಿಯಾಗಿ ಬರುತ್ತದೆ. ಜಾಗ ಉಳಿದರೆ ಮಡಿಕೆ ಒಳಕ್ಕೆ ಕುಸಿಯುತ್ತದೆ, ಜಾಗ ಸಾಲದಿದ್ದರೆ ನಡುವೆ ತೂತು ಬಿದ್ದು ಚರೆ ಉದುರುತ್ತದೆ. ಮಡಿಕೆಯನ್ನು ಅಂದಕ್ಕೆಂದು ತಿಳಿಯಬಾರದು. ಅದು ಬಿಚ್ಚಿಕೊಳ್ಳಲು ಒಡ್ಡುವ ತಡೆಯೇ ಮದ್ದಿಗೆ ಮೊದಲ ಒತ್ತಡವನ್ನು ಕಟ್ಟಿಕೊಡುತ್ತದೆ. ಸಡಿಲ ಮಡಿಕೆಯ ತೋಟೆ ಮಂಕಾಗಿ ಹಾರುತ್ತದೆ, ಅತಿಯಾಗಿ ಆಳಕ್ಕೆ ಒತ್ತಿದ ಮಡಿಕೆ ಒತ್ತಡವನ್ನು ಏರಿಸುತ್ತದೆ. ಉಬ್ಬಿ ಕೂರುವ ಮದ್ದಿಗೆ ಇನ್ನೊಂದು ಗುಣವೂ ಇದೆ. ಕೈತಪ್ಪಿ ಎರಡು ಸಲ ಬಿದ್ದರೆ ವ್ಯಾಡ್ ಮೇಲೆ ಉಳಿದು ಮಡಿಕೆಯೇ ಕೂರುವುದಿಲ್ಲ, ಅನಾಹುತ ಕಣ್ಣಿಗೆ ಕಾಣುತ್ತದೆ. ಹೊಸಬರು ಈ ಒಂದೇ ಕಾರಣಕ್ಕಾಗಿ ಚಕ್ಕೆಯ ಮದ್ದನ್ನು ಆರಿಸಿದರೂ ನಾನು ಸಂತೋಷಪಡುತ್ತೇನೆ.

ಉರುಟು ಕಣದ ಮದ್ದಿನ ಪರವಾಗಿಯೂ ಹೇಳುವುದಿದೆ. ವಿಸ್ಕಾನ್ಸಿನ್‌ನ ಮೇವಿಲ್ ಊರಿನ ತೋಟೆ ತುಂಬುವ ಮೆಕ್ ಯಂತ್ರ ಅಮೆರಿಕದಲ್ಲಿ ಮನೆಮಾತಾದದ್ದು. ಅದರಲ್ಲಿ ಮದ್ದನ್ನು ತೂಗಿ ಹಾಕುವುದಿಲ್ಲ, ಬುಶಿಂಗ್ ಎಂಬ ತೂತಿನ ಬಿಲ್ಲೆಯಲ್ಲಿ ಅಳೆದು ಬೀಳಿಸುತ್ತಾರೆ. ಉರುಟು ಕಣ ಆ ತೂತಿಗೆ ನೀರಿನಂತೆ ಸರಾಗವಾಗಿ ಇಳಿಯುವುದರಿಂದ ಒಂದು ತೋಟೆಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಚಕ್ಕೆ ಕೆಲವೊಮ್ಮೆ ಸೇತುವೆ ಕಟ್ಟಿಕೊಂಡು ನಿಲ್ಲುತ್ತದೆ. ಹೀಗಾಗಿ ಚಕ್ಕೆ ಬಳಸುವವರು ಹಿಡಿಯನ್ನು ಪ್ರತಿಸಲವೂ ಒಂದೇ ಹದದಲ್ಲಿ ಎಳೆಯುವ ಅಭ್ಯಾಸ ಮಾಡಿಕೊಳ್ಳಬೇಕು. ಯಾವ ಮದ್ದಾದರೂ ಬುಶಿಂಗಿನ ಜೊತೆ ಬಂದ ಚೀಟಿಯನ್ನು ನಂಬಿ ಕೂರಬಾರದು. ಯಂತ್ರ ಒಂದೇ ಲಯದಲ್ಲಿ ನಡೆಯುತ್ತಿರುವಾಗ ಬಿದ್ದ ಮದ್ದನ್ನು ಹತ್ತಾರು ಸಲ ತಕ್ಕಡಿಯಲ್ಲಿ ತೂಗಿ ಸರಾಸರಿ ನೋಡಬೇಕು. ಗ್ರೇನ್ ಎಂಬ ಮಾನ ಬಹಳ ಚಿಕ್ಕದು, ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಮ್, ಫ್ಯಾನಿನ ಗಾಳಿಗೂ ತಕ್ಕಡಿ ಅಲುಗುತ್ತದೆ.

ಒದೆತದ ಬಗ್ಗೆ ಕ್ಲಬ್ಬುಗಳಲ್ಲಿ ಬಹಳ ಚರ್ಚೆ ನಡೆಯುತ್ತದೆ. ನಿಧಾನದ ಮದ್ದು ತಳ್ಳುತ್ತದೆ, ಬೇಗದ ಮದ್ದು ಗುದ್ದುತ್ತದೆ ಎನ್ನುವವರಿದ್ದಾರೆ. ಚರೆ ನಳಿಗೆಯಲ್ಲಿ ಇರುವುದೇ ಮೂರು ನಾಲ್ಕು ಮಿಲಿಸೆಕೆಂಡು. ಅಷ್ಟರೊಳಗಿನ ಏರಿಳಿತವನ್ನು ಭುಜ ಬೇರೆಬೇರೆಯಾಗಿ ಗುರುತಿಸುತ್ತದೆಂದು ನಂಬುವುದು ನನಗೆ ಕಷ್ಟ. ಲೆಕ್ಕ ಹಾಕಿ ನೋಡಿದರೆ ಒದೆತವನ್ನು ತೀರ್ಮಾನಿಸುವುದು ಹೊರಗೆ ಹೋಗುವ ಚರೆ, ವ್ಯಾಡ್ ಮತ್ತು ಮದ್ದಿನ ಅನಿಲದ ತೂಕ, ಅವುಗಳ ವೇಗ ಮತ್ತು ಕೋವಿಯ ತೂಕ. ಒಂದು ಮದ್ದಿನಿಂದ ಇನ್ನೊಂದಕ್ಕೆ ಹೋದಾಗ ಉಳಿಯುವುದು ಹೆಚ್ಚೆಂದರೆ ಎರಡು ಗ್ರೇನ್, ಎಂದರೆ 0.13 ಗ್ರಾಮ್. ಚರೆಯಲ್ಲಿ ನಾಲ್ಕು ಗ್ರಾಮ್ ಇಳಿಸಿದಾಗ ಸಿಗುವ ಲಾಭದ ಮುಂದೆ ಅದು ಲೆಕ್ಕಕ್ಕೇ ಬಾರದು. ಭುಜ ನೋಯುತ್ತಿದ್ದರೆ ಚರೆಯನ್ನೂ ವೇಗವನ್ನೂ ಇಳಿಸಬೇಕು, ಮದ್ದಿನ ಹೆಸರನ್ನು ಬದಲಿಸಿ ಪ್ರಯೋಜನವಿಲ್ಲ.

ಖರ್ಚಿನ ಲೆಕ್ಕದಲ್ಲಿ ಮಾತ್ರ ಅದೇ ಎರಡು ಗ್ರೇನಿಗೆ ಬೆಲೆಯಿದೆ. ಒಂದು ಪೌಂಡಿಗೆ 7000 ಗ್ರೇನ್. ಬರೀ ಲೆಕ್ಕಕ್ಕಾಗಿ, ಒಂದು ಮದ್ದು ತೋಟೆಯೊಂದಕ್ಕೆ 18 ಗ್ರೇನ್ ಬೇಡುತ್ತದೆ, ಇನ್ನೊಂದು 20 ಬೇಡುತ್ತದೆ ಎಂದುಕೊಂಡರೆ, ಎಂಟು ಪೌಂಡಿನ ಡಬ್ಬಿಯಲ್ಲಿ ಮೊದಲನೆಯದರಿಂದ 3111 ತೋಟೆ, ಎರಡನೆಯದರಿಂದ 2800. ಡಬ್ಬಿಯ ಬೆಲೆಯೊಂದನ್ನೇ ನೋಡಿ ಅಗ್ಗವೆನ್ನುವವರು ಈ ಭಾಗಾಕಾರವನ್ನು ಮಾಡಿ ನೋಡಬೇಕು.

ಚಳಿಯ ಮಾತು ನಮಗೆ ದೂರದ್ದಾದರೂ ಅಲ್ಲಿಯವರಿಗೆ ಮುಖ್ಯ. ಜನವರಿಯಲ್ಲಿ ಹಿಮದ ಮೇಲೆ ನಿಂತು ಆಡುವವರ ತೋಟೆಯಲ್ಲಿ ಮದ್ದು ಮಂದವಾಗಿ ಉರಿಯುತ್ತದೆ, ವ್ಯಾಡಿನ ಪ್ಲಾಸ್ಟಿಕ್ ಸೆಟೆದು ಅನಿಲ ಸೋರಲು ಬಿಡುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆದ, ತೀರ ಕಡಿಮೆ ಒತ್ತಡದ ಪಾಕವೊಂದು ಆಗ ಕೈಕೊಡುತ್ತದೆ. ಚಳಿಗಾಲದಲ್ಲೂ ಆಡುವವರು ಕೋಷ್ಟಕದಲ್ಲಿ ಅತ್ಯಂತ ಕಡಿಮೆ ಒತ್ತಡದ ಸಾಲನ್ನು ಬಿಟ್ಟು ನಡುಮಟ್ಟದ್ದನ್ನು ಹಿಡಿಯುವುದು ವಿವೇಕ.

ನಮ್ಮ ಕಡೆಯ ತೊಂದರೆ ತೇವದ್ದು. ಕಾರವಾರದ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಶಿರಸಿಯಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ನೈಟ್ರೋಸೆಲ್ಯುಲೋಸ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮತ್ತು ತೇವ ಹೀರಿದ ಮದ್ದು ನಿಧಾನವಾಗಿ ಉರಿಯುತ್ತದೆ. ಹೆಚ್ಚು ಒಣಗಿಸಿದ ಮದ್ದು ಇದ್ದುದಕ್ಕಿಂತ ಬೇಗ ಉರಿಯುತ್ತದೆ. ಕಾರ್ಖಾನೆಯವರು ಒಂದು ನಿರ್ದಿಷ್ಟ ತೇವಾಂಶಕ್ಕೆ ಹೊಂದಿಸಿ ಡಬ್ಬಿ ಮುಚ್ಚಿರುತ್ತಾರೆ, ಕೋಷ್ಟಕದ ಅಂಕಿಗಳು ಆ ಸ್ಥಿತಿಯ ಮದ್ದಿಗೆ ಸೇರಿದವು. ಆದ್ದರಿಂದ ಮದ್ದನ್ನು ಅದು ಬಂದ ಡಬ್ಬಿಯಲ್ಲೇ, ಮುಚ್ಚಳ ಬಿಗಿದು, ತಂಪಾದ ಒಣ ಜಾಗದಲ್ಲಿ ಇಡಬೇಕು. ಕೆಲಸ ಮುಗಿದ ಮೇಲೆ ಯಂತ್ರದ ಸೀಸೆಯಲ್ಲಿ ಬಿಡಬಾರದು. ನಮ್ಮ ಹಿರಿಯರು ಕೋವಿಯ ಸಾಮಾನನ್ನು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡುತ್ತಿದ್ದರು. ಇಂದಿನ ಕಾರ್ಖಾನೆಯ ತೋಟೆಗೂ ಆ ಜಾಗ ಸಲ್ಲದು, ಏಕೆಂದರೆ ಬಿಸಿಯು ಮದ್ದಿನೊಳಗಿನ ಸ್ಥಿರಕಾರಿಯನ್ನು ಬೇಗ ಸವೆಸುತ್ತದೆ. ಕೆಟ್ಟ ಮದ್ದು ಮೂಗಿಗೆ ಹತ್ತುವ ಹುಳಿ ಘಾಟು ಬಿಡುತ್ತದೆ, ಕೆಲವೊಮ್ಮೆ ತುಕ್ಕಿನ ಬಣ್ಣದ ಧೂಳು ಕಾಣುತ್ತದೆ, ಅದನ್ನು ಬಳಸಬಾರದು. ಹಳೆಯ ಕಾಗದದ ತೋಟೆಗಳಂತೂ ಮಳೆಗಾಲದಲ್ಲಿ ಉಬ್ಬಿ, ಕೋವಿಯಲ್ಲಿ ತೋಟೆ ಕೂರುವ ಗೂಡಿಗೇ ಇಳಿಯುತ್ತಿರಲಿಲ್ಲ. ಪ್ಲಾಸ್ಟಿಕ್ ತೋಟೆ ಬಂದ ಮೇಲೆ ಆ ಕಷ್ಟ ತಪ್ಪಿತು.

ನಮ್ಮ ತಾಲೂಕುಗಳ ಓದುಗರಿಗಾಗಿ ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಇಲ್ಲಿ ಇನ್ನೂ ಅನೇಕ ಮನೆಗಳಲ್ಲಿ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗಳಿವೆ. ಅವು ಕರಿಮದ್ದಿಗಾಗಿ ಮಾಡಿದವು. ಪೆಟ್ಲುಪ್ಪು, ಇದ್ದಿಲು, ಗಂಧಕದ ಆ ಕರಿಮದ್ದಿಗೂ, 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಕಂಡುಹಿಡಿದ ಮೇಲೆ ಲೋಕವೆಲ್ಲ ಹಬ್ಬಿದ ಹೊಗೆಯಿಲ್ಲದ ಮದ್ದಿಗೂ ಶಕ್ತಿಯಲ್ಲಿ ಹೋಲಿಕೆಯೇ ಇಲ್ಲ. ತೋಟೆ ಒಡೆದು ತೆಗೆದ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಸಿಡಿದು ಕೈ, ಕಣ್ಣು, ಪ್ರಾಣ ಹೋಗಬಹುದು. ಅಮೆರಿಕದ ತೋಟೆ ಡಬ್ಬಿಗಳ ಮೇಲೆ ಇಂದಿಗೂ ಮೂರು ಡ್ರಾಮ್ ಸಮಾನ ಎಂಬಂಥ ಬರಹ ಇರುತ್ತದೆ. ಅದರ ಅರ್ಥ ಒಳಗೆ ಮೂರು ಡ್ರಾಮ್ ಮದ್ದಿದೆ ಎಂದಲ್ಲ. ಅಷ್ಟೇ ಚರೆಯನ್ನು ಮೂರು ಡ್ರಾಮ್, ಎಂದರೆ 82 ಗ್ರೇನ್, ಕರಿಮದ್ದು ಕಳಿಸುತ್ತಿದ್ದ ವೇಗದಲ್ಲಿ ಈ ತೋಟೆ ಕಳಿಸುತ್ತದೆ ಎಂದು. ಗುರಿಯಾಟದ ತೋಟೆಯಲ್ಲಿ ಇರುವ ಹೊಗೆಯಿಲ್ಲದ ಮದ್ದು ಅದರ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಅಜ್ಜನ ಕಾಲದ ಜೋಡುನಳಿಗೆಯ ತೋಟೆ ಕೋವಿ ಇರುವವರು ಗೂಡಿನ ಉದ್ದವನ್ನೂ ತಿಳಿದಿರಬೇಕು. 65 ಮಿಲಿಮೀಟರಿನ ಗೂಡಿಗೆ 70 ಮಿಲಿಮೀಟರಿನ ತೋಟೆ ಸಲೀಸಾಗಿ ಇಳಿಯುತ್ತದೆ, ಏಕೆಂದರೆ ಆ ಅಳತೆ ಬಾಯಿ ಬಿಚ್ಚಿದ ಮೇಲಿನದು. ಹಾರಿಸಿದಾಗ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಇಷ್ಟೆಲ್ಲ ತೂಗಿನೋಡಿ, ಸೋದರಳಿಯನಿಗೆ ನಾನು ಸೂಚಿಸಿದ ದಾರಿ ಹೀಗಿದೆ. 28 ಗ್ರಾಮ್ ಚರೆ, ಇಳಿಜಾರು ಗೋಡೆಯ ಒಂದೇ ಬಗೆಯ ಖಾಲಿ ತೋಟೆ, ಸೆಕೆಂಡಿಗೆ 1150ರಿಂದ 1200 ಅಡಿಯ ವೇಗ, ಬೇಗದ ಗುಂಪಿನ ಚಕ್ಕೆಯ ಮದ್ದುಗಳಲ್ಲಿ ಅವನ ಕೇಪು ಮತ್ತು ವ್ಯಾಡಿಗೆ ಪ್ರಕಟಿತ ಸಾಲು ಇರುವಂಥದ್ದು. ಅದರಲ್ಲಿಯೂ ಒತ್ತಡ ಗರಿಷ್ಠ ಮಿತಿಗಿಂತ ಸಾಕಷ್ಟು ಕೆಳಗಿರುವ, ಆದರೆ ತೀರ ತಳಕ್ಕೂ ಹೋಗದ ಸಾಲನ್ನು ಹಿಡಿಯಬೇಕು. ಮಸಿ ಹೆಚ್ಚು ಬಿಡುತ್ತದೆ, ಕಡಿಮೆ ಬಿಡುತ್ತದೆ ಎಂಬುದನ್ನು ನಾನು ಕೊನೆಗೆ ಇಡುತ್ತೇನೆ. ನಳಿಗೆಯನ್ನು ಹೇಗೂ ಒರೆಸಬೇಕಾದದ್ದೇ. ಅದಕ್ಕಿಂತ, ಅವನ ಊರಿನಲ್ಲಿ ಆ ಮದ್ದು ನಿಯಮಿತವಾಗಿ ಸಿಗುತ್ತದೆಯೇ ಎಂಬುದು ಮುಖ್ಯ, ಏಕೆಂದರೆ ಅಲ್ಲಿಯೂ ವರ್ಷಗಟ್ಟಲೆ ಕೊರತೆ ಕಾಡಿದ್ದುಂಟು, ಮತ್ತು ಮದ್ದು ಬದಲಾದರೆ ಪಾಕವಿಧಿಯನ್ನು ಮತ್ತೆ ಮೊದಲಿನಿಂದ ಹುಡುಕಬೇಕು.

ಮೊದಲು ಒಂದೇ ಪೌಂಡ್ ಕೊಂಡು, ಕೆಲವು ಸುತ್ತು ಆಡಿ, ಮಡಿಕೆ ಮತ್ತು ಸದ್ದು ಸಮಾಧಾನಕರವೆನಿಸಿದ ಮೇಲೆ ಎಂಟು ಪೌಂಡಿನ ಡಬ್ಬಿಗೆ ಹೋಗಬೇಕು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಬೇಕು, ತುಂಬಿದ ತೋಟೆಗಳ ಪೆಟ್ಟಿಗೆಯ ಮೇಲೆ ಪಾಕ, ದಿನಾಂಕ ಮತ್ತು ಮದ್ದಿನ ಲಾಟ್ ನಂಬರ್ ಬರೆದಿರಬೇಕು. ಕಂಪನಿಯವರು ಒಂದು ಲಾಟಿಗೂ ಇನ್ನೊಂದಕ್ಕೂ ಅಂತರ ಬಾರದಂತೆ ಬೆರೆಸುತ್ತಾರಾದರೂ ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸ ಉಳಿದೇ ಇರುತ್ತದೆ, ಮತ್ತು ಬುಶಿಂಗ್ ಅಳೆಯುವುದು ಗಾತ್ರವನ್ನೇ. ಆದ್ದರಿಂದ ಹೊಸ ಡಬ್ಬಿ ಬಂದಾಗ ಹಳೆಯದರ ಉಳಿಕೆಯನ್ನು ಅದಕ್ಕೆ ಸುರಿಯದೆ, ಹಳೆಯದನ್ನು ಮೊದಲು ಮುಗಿಸಿ, ಹೊಸ ಮದ್ದನ್ನು ಅದೇ ಬುಶಿಂಗಿನಲ್ಲಿ ಮತ್ತೆ ತೂಗಿ ನೋಡಿ, ತೂಕ ಕೋಷ್ಟಕಕ್ಕೆ ಹೊಂದದಿದ್ದರೆ ಬುಶಿಂಗ್ ಬದಲಿಸಿ, ಅನಂತರವೇ ತೋಟೆ ತುಂಬಲು ಕೂರಬೇಕು.